ಬ್ರೇನ್ ಡೆತ್ ಘೋಷಣೆ: ಪರೀಕ್ಷೆ, ಸಹಿ, ಒಪ್ಪಿಗೆ, ಪೊಲೀಸ್ ಕಾಗದ – ಯಾವುದು ಮೊದಲು, ಯಾವುದು ನಂತರ

ತಲೆಗೆ ಪೆಟ್ಟು ಬಿದ್ದೋ, ಮಿದುಳಿನಲ್ಲಿ ರಕ್ತಸ್ರಾವವಾಗಿಯೋ ಐಸಿಯು ಸೇರಿದ ರೋಗಿ ವೆಂಟಿಲೇಟರ್ ಮೇಲಿದ್ದಾರೆ. ಕಫ ಎಳೆಯುವಾಗ ಕೆಮ್ಮು ಬರುತ್ತಿಲ್ಲ, ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕುಗ್ಗುತ್ತಿಲ್ಲ, ಯಂತ್ರ ಕೊಡುವ ಉಸಿರಿನ ಮೇಲೆ ತಮ್ಮದೊಂದು ಉಸಿರು ಸೇರಿಸುತ್ತಿಲ್ಲ. ಬ್ರೇನ್ ಡೆತ್, ಅಂದರೆ ಮಿದುಳಿನ ಸಾವಿನ ಅನುಮಾನ ಶುರುವಾಗುವುದು ಹೀಗೆ. ಸಾಮಾನ್ಯವಾಗಿ ಇದನ್ನು ಮೊದಲು ಗಮನಿಸುವವರು ರಾತ್ರಿ ಪಾಳಿಯ ನರ್ಸ್. ಅಲ್ಲಿಂದ ಹಿಡಿದು ದೇಹ ಮನೆಯವರ ಕೈ ಸೇರುವವರೆಗೆ ಏನೇನು ಆಗಬೇಕು, ಯಾವ ಕಾಗದಕ್ಕೆ ಯಾರ ಸಹಿ ಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬುದು ಇಲ್ಲಿದೆ. ಐಸಿಯು ವೈದ್ಯರು, ನರ್ಸ್‌ಗಳು, ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್‌ಗಳನ್ನು (ಅಂಗದಾನದ ಕೆಲಸ ಹೊಂದಿಸುವವರು) ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾದರೂ ರೋಗಿಯ ಕಡೆಯವರೂ ಓದಬಹುದು. ತಮ್ಮವರಿಗೆ ಸರಿಯಾದ ಪರೀಕ್ಷೆ ಆಯಿತೇ ಎಂದು ಕೇಳುವ ಹಕ್ಕು ಅವರಿಗಿದೆ.

ಸಾವಿನ ನಿರ್ಣಯ ಒಂದು ಕೆಲಸ, ಅಂಗದಾನದ ಮಾತು ಇನ್ನೊಂದು ಕೆಲಸ. ಮಾಡುವ ಜನ, ಮಾಡುವ ಹೊತ್ತು, ಬರೆಯುವ ಕಾಗದ ಈ ಮೂರರಲ್ಲೂ ಇವೆರಡನ್ನು ಬೇರೆ ಇಟ್ಟರೆ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಮುಂದೆ ಹೇಳುವ ಬಹುತೇಕ ನಿಯಮಗಳ ಹಿಂದಿರುವ ಕಾರಣ ಇದೇ.

ಕಾನೂನು ಏನನ್ನು ಸಾವು ಎನ್ನುತ್ತದೆ

ಭಾರತದಲ್ಲಿ ಇದಕ್ಕೆ ಆಧಾರ 1994ರ ಮಾನವ ಅಂಗಾಂಗ ಕಸಿ ಕಾಯ್ದೆ, ಅದರ 2011ರ ತಿದ್ದುಪಡಿ ಮತ್ತು 2014ರ ನಿಯಮಗಳು. ಕಾಯ್ದೆ ನೋಡುವುದು ಇಡೀ ಮಿದುಳನ್ನಲ್ಲ, ಮಿದುಳಿನ ಕಾಂಡವನ್ನು, ಅಂದರೆ ಉಸಿರಾಟ ನಡೆಸುವ ಬುಡದ ಭಾಗವನ್ನು. ಕಾಂಡದ ಎಲ್ಲ ಕೆಲಸಗಳೂ ಶಾಶ್ವತವಾಗಿ, ಮರಳಿ ಬಾರದ ಹಾಗೆ ನಿಂತಿವೆ ಎಂದು 3ನೇ ಕಲಂನ 6ನೇ ಉಪಕಲಂ ಹೇಳಿದ ನಾಲ್ವರು ವೈದ್ಯರ ಮಂಡಳಿ ದೃಢೀಕರಿಸಬೇಕು. ನಾವು ಹಿಡಿದದ್ದು ಬ್ರಿಟನ್ನಿನ ದಾರಿ. ಅಮೆರಿಕದ 1981ರ ಮಾದರಿ ಕಾನೂನು ಇಡೀ ಮಿದುಳು ನಿಲ್ಲಬೇಕು ಎನ್ನುತ್ತದೆ. ಹಾಗಾಗಿ ಅಲ್ಲಿನ ಲೇಖನ ಓದಿಕೊಂಡು ಬಂದ ಸಂಬಂಧಿಕರು "ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಲ್ಲವಲ್ಲ" ಎಂದರೆ ಗಾಬರಿಯಾಗಬೇಕಿಲ್ಲ. ನಮ್ಮ ಕಾನೂನಿಗೆ ಇಇಜಿ ಬೇಕಿಲ್ಲ, ಹಾಸಿಗೆಯ ಪಕ್ಕ ನಿಂತು ಮಾಡುವ ಪರೀಕ್ಷೆಗಳು ಸಾಕು. ಅವನ್ನು ಕಟ್ಟುನಿಟ್ಟಾಗಿ ಮಾಡಿರಬೇಕು, ಅಷ್ಟೇ.

ತೊಡಕು ಇನ್ನೊಂದು ಕಡೆ ಇದೆ. ಈ ವ್ಯಾಖ್ಯೆ ಕುಳಿತಿರುವುದು ಅಂಗಾಂಗ ಕಸಿಯ ಕಾಯ್ದೆಯೊಳಗೆ. 1969ರ ಜನನ ಮರಣ ನೋಂದಣಿ ಕಾಯ್ದೆ ಸಾವನ್ನು "ಜೀವದ ಎಲ್ಲ ಕುರುಹುಗಳೂ ಶಾಶ್ವತವಾಗಿ ಮರೆಯಾಗುವುದು" ಎಂಬರ್ಥದಲ್ಲಿ ಹೇಳಿ ಸುಮ್ಮನಾಗುತ್ತದೆ, ಮಿದುಳಿನ ಸುದ್ದಿ ಎತ್ತುವುದಿಲ್ಲ. ಹೀಗಾಗಿ ದಾನಕ್ಕೆ ಒಪ್ಪಿದವರ ಮನೆಯಲ್ಲಿ ಸಾವು ಕಾನೂನಿನ ಪ್ರಕಾರ ಸಾವಾಗುತ್ತದೆ. ಒಪ್ಪದವರ ಮನೆಯಲ್ಲಿ ಅದೇ ಸ್ಥಿತಿಯ ದೇಹಕ್ಕೆ ಏನು ಹೆಸರು ಕೊಡಬೇಕೆಂದು ಆಸ್ಪತ್ರೆ ತಡಕಾಡುತ್ತದೆ. ನೀತಿಯ ದೃಷ್ಟಿಯಿಂದ ಇದು ನಮ್ಮ ವ್ಯವಸ್ಥೆಯ ದೊಡ್ಡ ಓರೆಕೋರೆ. 2020ರಲ್ಲಿ ಕೇರಳ ಸರ್ಕಾರ ದಾನಕ್ಕೂ ಘೋಷಣೆಗೂ ಗಂಟು ಹಾಕದ ಮಾರ್ಗಸೂಚಿ ಹೊರಡಿಸಿತು. ನನ್ನ ಮಟ್ಟಿಗೆ ಎಲ್ಲ ರಾಜ್ಯಗಳೂ ಹಿಡಿಯಬೇಕಾದ ದಾರಿ ಅದು.

ಪರೀಕ್ಷೆಗೆ ಮುನ್ನ: ಕೋಮಾ ಯಾಕೆ ಬಂತು?

ಕೆಟ್ಟ ತಪ್ಪುಗಳು ನಡೆಯುವುದು ಪರೀಕ್ಷೆಯಲ್ಲಲ್ಲ, ಅದಕ್ಕೂ ಮೊದಲು. ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುವ, ಗುಣವಾಗದ ಮಿದುಳಿನ ಹಾನಿ ಇರಬೇಕು. ಕಾರಣ ಗೊತ್ತಿಲ್ಲದ ಕೋಮಾಗೆ ಈ ಪರೀಕ್ಷೆಗಳನ್ನು ಶುರು ಮಾಡುವಂತೆಯೇ ಇಲ್ಲ. ಮಿದುಳಿನ ಕಾಂಡದ ಸಾವನ್ನು ದೃಢೀಕರಿಸುವ ಕಾಗದವಾದ ನಮೂನೆ 10ರಲ್ಲಿ ಮೊದಲ ಭಾಗವೇ ಇದು: ಯಾವ ಕಾಯಿಲೆ ಅಥವಾ ಅಪಘಾತ, ಯಾವತ್ತು ಯಾವ ಹೊತ್ತಿಗೆ, ಕೋಮಾ ಯಾವಾಗಿನಿಂದ. ಅದರ ನಂತರ, ಸರಿಹೋಗಬಹುದಾದ ಕಾರಣಗಳನ್ನು ತೆಗೆದುಹಾಕಿದ್ದೀರಾ ಎಂಬ ಪಟ್ಟಿ: ಮದ್ಯ, ಮಂಪರು ತರಿಸುವ ಔಷಧಿ, ಸ್ನಾಯು ಸಡಿಲಿಸುವ ಔಷಧಿ, ಮೈ ತಣ್ಣಗಾಗಿರುವುದು, ರಕ್ತ ಅಥವಾ ದ್ರವ ಕಡಿಮೆಯಾದ ಶಾಕ್, ಸಕ್ಕರೆ, ಸೋಡಿಯಂ, ಹಾರ್ಮೋನಿನ ಏರುಪೇರು.

ಈ ಪಟ್ಟಿಗೆ ಕಣ್ಣುಮುಚ್ಚಿ "ಇಲ್ಲ, ಇಲ್ಲ" ಎಂದು ತುಂಬುವವರೂ ಇದ್ದಾರೆ. ನಮ್ಮ ಕಡೆ ಇದು ಅಪಾಯ. ಕಟ್ಟುಹಾವು, ಅಂದರೆ ಕಡಂಬಳ, ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರುವುದಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಸಿಗುವುದಿಲ್ಲ. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಬೀಳುವುದು, ಆಮೇಲೆ ಇಡೀ ಮೈ ಲಕ್ವ. ವಿಷ ನರ ಸ್ನಾಯುಗಳ ಸಂಧಿಯಲ್ಲಿ ಕೆಲಸ ಮಾಡುವುದರಿಂದ ರೋಗಿಗೆ ಒಂದು ಬೆರಳೂ ಅಲ್ಲಾಡಿಸಲಾಗುವುದಿಲ್ಲ, ಪಾಪೆ ಕೂಡ ಅಗಲವಾಗಿ ನಿಂತುಬಿಡಬಹುದು. ಆದರೆ ಮಿದುಳು ಸರಿಯಾಗಿಯೇ ಇರುತ್ತದೆ, ಪಕ್ಕದಲ್ಲಿ ಆಡುವ ಮಾತೂ ಕೇಳುತ್ತಿರಬಹುದು. ವೆಂಟಿಲೇಟರ್ ಮೇಲೆ ಕೆಲವು ದಿನ ಇಟ್ಟರೆ ಎದ್ದು ಮನೆಗೆ ಹೋಗುತ್ತಾರೆ. ಕೀಟನಾಶಕ ಕುಡಿದು ಬಂದವರಲ್ಲೂ ಹೀಗೆಯೇ ಮೋಸವಾಗುತ್ತದೆ: ವಿಷದಿಂದ ಸ್ನಾಯು ಸೋತಿರುತ್ತದೆ, ಚಿಕಿತ್ಸೆಗೆ ಕೊಟ್ಟ ಅಟ್ರೋಪಿನ್‌ನಿಂದ ಪಾಪೆ ಹಿಗ್ಗಿರುತ್ತದೆ. ಗಿಯಾನ್ ಬಾರೆ ಲಕ್ವವೂ ಇದೇ ಸಾಲಿನದು. ಸಿ.ಟಿ. ಚೆನ್ನಾಗಿದೆ, ರೋಗಿ ಹಳ್ಳಿಯಿಂದ ಬಂದಿದ್ದಾರೆ, ಕಥೆ ಸ್ಪಷ್ಟವಿಲ್ಲ ಎಂದಾದರೆ ನಮೂನೆ 10ನ್ನು ಡ್ರಾಯರ್‌ನಿಂದ ಹೊರಗೇ ತೆಗೆಯಬೇಡಿ.

ಔಷಧಿಗಳ ಲೆಕ್ಕಕ್ಕೆ ಡ್ರಗ್ ಚಾರ್ಟ್ ಎದುರಿಗಿರಲಿ. ಸಾಮಾನ್ಯ ನಿಯಮ ಐದು ಅರ್ಧಾಯುಷ್ಯ (ರಕ್ತದಲ್ಲಿನ ಔಷಧಿ ಅರ್ಧಕ್ಕೆ ಇಳಿಯುವ ಹೊತ್ತು) ಕಾಯುವುದು. ಮಿಡಜೋಲಂ ಎರಡು ಮೂರು ಗಂಟೆಯ ಅರ್ಧಾಯುಷ್ಯದ್ದು, ಹಾಗಾಗಿ 15 ಗಂಟೆ ಸಾಕು ಎನಿಸುತ್ತದೆ. ಆದರೆ ದಿನಗಟ್ಟಲೆ ಡ್ರಿಪ್‌ನಲ್ಲಿ ಹೋಗಿದ್ದರೆ, ಕಿಡ್ನಿ ಲಿವರ್ ಸೋತಿದ್ದರೆ, ಮೈ ತಣ್ಣಗಿದ್ದರೆ ಅದು ಇನ್ನೂ ಹೊತ್ತು ಉಳಿಯುತ್ತದೆ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್‌ನ ಅರ್ಧಾಯುಷ್ಯವೇ ನಾಲ್ಕು ದಿನದ ಆಸುಪಾಸು; ಅಲ್ಲಿ ಗಂಟೆ ಎಣಿಸುವುದಕ್ಕಿಂತ ರಕ್ತದಲ್ಲಿನ ಮಟ್ಟ ನೋಡುವುದೇ ಸರಿ. ಟ್ಯೂಬ್ ಹಾಕುವಾಗ ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರೆ ನರ ಉತ್ತೇಜಕ ಯಂತ್ರದಿಂದ ಸ್ನಾಯು ಮಿಡಿಯುತ್ತದೆಯೇ ನೋಡಿ. ಮೊಣಕಾಲಿಗೆ ತಟ್ಟಿದಾಗ ಕಾಲು ಎಗರಿದರೂ ಔಷಧಿ ಇಳಿದಿದೆ ಎಂದರ್ಥ. ಹೃದಯ ನಿಂತು ಮತ್ತೆ ಶುರುವಾದ ರೋಗಿಯಾದರೆ ಕನಿಷ್ಠ 24 ಗಂಟೆ ಮುಗಿಯುವವರೆಗೆ ಕೈ ಹಾಕಬೇಡಿ.

ಮೈ ಬಿಸಿ 36 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆ ಇರಬಾರದು. ಎ.ಸಿ. ಐಸಿಯುನಲ್ಲಿ, ಮಿದುಳು ಸತ್ತ ದೇಹ ತಾನಾಗಿ ಬಿಸಿ ಕಾಯ್ದುಕೊಳ್ಳುವುದಿಲ್ಲವಾದ್ದರಿಂದ, ಬಿಸಿಗಾಳಿಯ ಹೊದಿಕೆ ಇಲ್ಲದೆ ಇದು ಸಿಗುವುದು ಕಷ್ಟ. ಸಿಸ್ಟಾಲಿಕ್ ಬಿಪಿ 100ರ ಮೇಲಿರಲಿ, ಬೇಕಾದರೆ ಬಿಪಿ ಏರಿಸುವ ನಾರ್ ಅಡ್ರಿನಲಿನ್ ಕೊಟ್ಟಾದರೂ. ಗಂಟೆಗೆ ನೂರಾರು ಮಿ.ಲೀ. ಮೂತ್ರ ಹೋಗುತ್ತಿದ್ದರೆ ಡಯಾಬಿಟಿಸ್ ಇನ್ಸಿಪಿಡಸ್ (ಹಾರ್ಮೋನ್ ನಿಂತು ನೀರೆಲ್ಲ ಮೂತ್ರದಲ್ಲಿ ಹೋಗುವ ಸ್ಥಿತಿ, ಸಕ್ಕರೆ ಕಾಯಿಲೆಯಲ್ಲ) ಇರಬಹುದು. ಸೋಡಿಯಂ 160 ಮುಟ್ಟಿದ್ದರೆ ಮೊದಲು ಅದನ್ನು ಇಳಿಸಿ.

ಹಾಸಿಗೆಯ ಪಕ್ಕದ ಪರೀಕ್ಷೆ

ಎರಡೂ ಕಣ್ಣಿಗೆ ಜೋರು ಬೆಳಕು ಬಿಟ್ಟು ಪಾಪೆ ನೋಡಿ. ಮಧ್ಯಮ ಅಥವಾ ಅಗಲ ಗಾತ್ರದಲ್ಲಿ ಅಲುಗದೆ ನಿಂತಿರಬೇಕು. ಸೂಜಿಮೊನೆಯಷ್ಟು ಚಿಕ್ಕದಾಗಿದ್ದರೆ ನಿಲ್ಲಿಸಿ, ಅಫೀಮಿನ ಗುಂಪಿನ ಔಷಧಿಯೋ ಕೀಟನಾಶಕವೋ ಇರಬಹುದು. ಹತ್ತಿಯ ಎಳೆಯಿಂದ ಕಾರ್ನಿಯಾ ಮುಟ್ಟಿದರೆ ರೆಪ್ಪೆ ಬಡಿಯಬಾರದು. ತಲೆಯನ್ನು ಆಚೀಚೆ ತಿರುಗಿಸಿದಾಗ ಕಣ್ಣು ತಲೆಯ ಜತೆಗೇ ಹೋಗಬೇಕು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿರಬಹುದೆಂಬ ಅನುಮಾನವಿದ್ದರೆ ಇದನ್ನು ಮಾಡಬೇಡಿ, ಕಿವಿಗೆ ತಣ್ಣೀರು ಬಿಡುವ ಪರೀಕ್ಷೆಯನ್ನೇ ನೆಚ್ಚಿಕೊಳ್ಳಿ. ಅದಕ್ಕೆ ಮೊದಲು ಕಿವಿಯಲ್ಲಿ ಗುಗ್ಗೆಯೋ ರಕ್ತವೋ ತುಂಬಿದೆಯೇ, ತಮಟೆ ಹರಿದಿದೆಯೇ ನೋಡಬೇಕು. ತಲೆಯನ್ನು 30 ಡಿಗ್ರಿ ಎತ್ತಿ, ಐಸ್ ನೀರು ಸುಮಾರು 50 ಮಿ.ಲೀ. ಬಿಟ್ಟು, ಇನ್ನೊಬ್ಬರು ರೆಪ್ಪೆ ತೆರೆದು ಹಿಡಿದು ಒಂದು ನಿಮಿಷ ನೋಡಬೇಕು. ಇನ್ನೊಂದು ಕಿವಿಗೆ ಹೋಗುವ ಮುನ್ನ ಐದು ನಿಮಿಷ ಬಿಡುವು. ಹುಬ್ಬಿನ ಮೂಳೆಯ ಅಂಚನ್ನು ಬಲವಾಗಿ ಒತ್ತಿದಾಗ ಮುಖ ಕಿವುಚಬಾರದು. ಗಂಟಲಿನ ಹಿಂಭಾಗ ಮುಟ್ಟಿದಾಗ ವಾಕರಿಕೆ ಇರಬಾರದು, ಸಕ್ಷನ್ ನಳಿಕೆ ಶ್ವಾಸನಾಳದ ಕವಲಿನವರೆಗೆ ಇಳಿಸಿದಾಗ ಕೆಮ್ಮು ಇರಬಾರದು.

ಕೈಕಾಲು ಅಲುಗಿದರೆ? ಅದು ಬೆನ್ನುಹುರಿಯ ಪ್ರತಿಕ್ರಿಯೆ ಆಗಿರಬಹುದು. ಪಾದ ಮುಟ್ಟಿದಾಗ ಮೊಣಕಾಲು ಮಡಚುವುದು, ವೆಂಟಿಲೇಟರ್ ಬಿಡಿಸಿದಾಗ ಎರಡೂ ತೋಳು ಎದೆಯ ಮೇಲೆ ಬರುವುದು ಕೂಡ ಉಂಟು. ಮಿದುಳಿನ ಕಾಂಡ ಸತ್ತಿದ್ದರೂ ಇದಾಗುತ್ತದೆ. ಮನೆಯವರಿಗೆ ಇದನ್ನು ಮುಂಚೆಯೇ ಹೇಳಿರಬೇಕು. ಹೇಳದೆ, ಅವರು ನೋಡಿದ ಮೇಲೆ ವಿವರಿಸಲು ಹೊರಟರೆ ಯಾರೂ ನಂಬುವುದಿಲ್ಲ. ನಂಬದಿರುವುದು ಅವರ ತಪ್ಪೂ ಅಲ್ಲ. ಆದರೆ ಅಲುಗಾಟ ಕಂಡಾಗಲೆಲ್ಲ ಬೆನ್ನುಹುರಿ ಎಂದು ತಳ್ಳಿಹಾಕಲೂ ಬಾರದು: ಮುಖದಲ್ಲಿ ಚಲನೆ ಕಂಡರೆ, ಮುಖ ಒತ್ತಿದಾಗ ಕೈ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು.

ಕೊನೆಗೆ ಅಪ್ನಿಯಾ ಪರೀಕ್ಷೆ, ಅಂದರೆ ಇಂಗಾಲದ ಡೈಆಕ್ಸೈಡ್ ಏರಿದಾಗಲೂ ರೋಗಿ ತಾನಾಗಿ ಉಸಿರೆಳೆಯುತ್ತಾರೆಯೇ ನೋಡುವುದು. ಹೀಗೆ ಮಾಡಿ:

1. ನೂರಕ್ಕೆ ನೂರು ಆಮ್ಲಜನಕ 10 ನಿಮಿಷ ಕೊಡಿ. ರಕ್ತದಲ್ಲಿ ಆಮ್ಲಜನಕದ ಒತ್ತಡ 200 ಮಿ.ಮೀ. ಪಾದರಸ ದಾಟಲಿ.
2. ವೆಂಟಿಲೇಟರ್ ಹೊಂದಿಸಿ ಇಂಗಾಲದ ಡೈಆಕ್ಸೈಡ್ 35ರಿಂದ 45ರ ನಡುವೆ ತನ್ನಿ. ಎಬಿಜಿ (ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆ) ತೆಗೆದು ಪ್ರಿಂಟ್ ಇಟ್ಟುಕೊಳ್ಳಿ.
3. ವೆಂಟಿಲೇಟರ್ ಬಿಡಿಸಿ. ಟ್ಯೂಬಿನೊಳಗೆ ಸಣ್ಣ ನಳಿಕೆ ಇಳಿಸಿ ನಿಮಿಷಕ್ಕೆ 4ರಿಂದ 6 ಲೀಟರ್ ಆಮ್ಲಜನಕ ಬಿಡಿ. ನಳಿಕೆ ದಪ್ಪವಾಗಿ ಟ್ಯೂಬನ್ನು ಮುಚ್ಚಿಕೊಂಡರೆ ಗಾಳಿ ಹೊರಬರದೆ ಶ್ವಾಸಕೋಶ ಒಡೆಯಬಹುದು.
4. ಎದೆ ಮತ್ತು ಹೊಟ್ಟೆಯ ಬಟ್ಟೆ ಪೂರ್ತಿ ಸರಿಸಿ, 8ರಿಂದ 10 ನಿಮಿಷ ಕಣ್ಣು ಕೀಳದೆ ನೋಡಿ.
5. ಮತ್ತೆ ಎಬಿಜಿ ತೆಗೆದು, ಕೂಡಲೇ ವೆಂಟಿಲೇಟರ್ ಹಚ್ಚಿ.

ಉಸಿರಾಟದ ಒಂದು ಚಲನೆಯೂ ಇಲ್ಲದೆ ಡೈಆಕ್ಸೈಡ್ 60 ಮುಟ್ಟಿದ್ದರೆ, ಅಥವಾ ಮೊದಲಿದ್ದದ್ದಕ್ಕಿಂತ 20 ಏರಿದ್ದರೆ ಪರೀಕ್ಷೆ ಸಾವಿನ ಕಡೆ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಕೆಟ್ಟು ಮೊದಲಿನಿಂದಲೂ ಡೈಆಕ್ಸೈಡ್ ಹೆಚ್ಚಿದ್ದವರಿಗೆ 60ರ ಗೆರೆಯೊಂದೇ ನೆಚ್ಚಿದರೆ ಸಾಲದು, 20ರ ಏರಿಕೆಯೂ ಬೇಕು. ಡೈಆಕ್ಸೈಡ್ ನಿಮಿಷಕ್ಕೆ ಸುಮಾರು 3ರಂತೆ ಏರುತ್ತದೆ. 40ರಿಂದ ಹೊರಟರೆ 60ಕ್ಕೆ ಸುಮಾರು ಏಳು ನಿಮಿಷ ಬೇಕು. ಐದೇ ನಿಮಿಷಕ್ಕೆ ಮುಗಿಸಿ 54 ಬಂತೆಂದು ಬರೆದುಕೊಂಡರೆ ಅದು ಪರೀಕ್ಷೆಯೇ ಅಲ್ಲ. ನಡುವೆ ಸಿಸ್ಟಾಲಿಕ್ ಬಿಪಿ 90ರ ಕೆಳಗೆ ಬಿದ್ದರೆ, ಆಮ್ಲಜನಕ ಪ್ರಮಾಣ ಶೇ. 85ರ ಕೆಳಗೆ ಅರ್ಧ ನಿಮಿಷ ನಿಂತರೆ, ಹೃದಯ ಬಡಿತದ ಲಯ ತಪ್ಪಿದರೆ, ಎಬಿಜಿ ತೆಗೆದು ವೆಂಟಿಲೇಟರ್ ಹಚ್ಚಿಬಿಡಿ. ರೋಗಿಯನ್ನು ಯಂತ್ರದಲ್ಲೇ ಬಿಟ್ಟು ಉಸಿರು ಎಣಿಸುವುದೂ ಒಂದು ಬಲೆ: ಎದೆಬಡಿತದ ಕಂಪನಕ್ಕೇ ಯಂತ್ರ ಉಸಿರು ಕೊಟ್ಟು, ರೋಗಿಯೇ ಎಳೆದರು ಎಂದು ತೋರಿಸುವುದುಂಟು.

ಎರಡನೇ ಸುತ್ತು, ನಾಲ್ಕು ಸಹಿ

ಇದೇ ಪರೀಕ್ಷೆಗಳೆಲ್ಲ ಇನ್ನೊಮ್ಮೆ ಆಗಬೇಕು. ದೊಡ್ಡವರಿಗೆ ಎರಡರ ನಡುವೆ ಕನಿಷ್ಠ ಆರು ಗಂಟೆ ಎಂದು ನಮೂನೆ 10 ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳಿಗೆ ಅಂತರ ಇನ್ನೂ ಹೆಚ್ಚಬೇಕು ಎಂದು ಹೇಳಿ, ಎಷ್ಟೆಂಬುದನ್ನು ಮಂಡಳಿಗೆ ಬಿಟ್ಟಿದೆ. ಅಮೆರಿಕದ 2011ರ ಮಕ್ಕಳ ಮಾರ್ಗಸೂಚಿಯಲ್ಲಿ ನವಜಾತ ಶಿಶುವಿಗೆ 24 ಗಂಟೆ, ತಿಂಗಳು ದಾಟಿದ ಮಕ್ಕಳಿಗೆ 12 ಗಂಟೆ ಎಂದಿತ್ತು. ಅದಕ್ಕಿಂತ ಕಡಿಮೆಗೆ ಇಳಿಯಲು ನಮಗೂ ಕಾರಣ ಕಾಣುವುದಿಲ್ಲ. ಮೊದಲ ಸುತ್ತಿನ ಎಬಿಜಿ ಪ್ರಿಂಟಿನಲ್ಲಿ 9.10, ಎರಡನೆಯದರಲ್ಲಿ 14.55 ಎಂದಿದ್ದರೆ ಆರು ಗಂಟೆ ಆಗಲಿಲ್ಲ. ನಮೂನೆಯಲ್ಲಿ ಬರೆದ ಸಮಯ, ಎಬಿಜಿ ಯಂತ್ರದ ಗಡಿಯಾರ, ನರ್ಸಿಂಗ್ ಚಾರ್ಟ್ ಮೂರೂ ಒಂದೇ ಹೇಳುವಂತೆ ನೋಡಿಕೊಳ್ಳಿ. ಎಷ್ಟೋ ಎಬಿಜಿ ಯಂತ್ರಗಳ ಗಡಿಯಾರ ವರ್ಷಗಟ್ಟಲೆ ತಪ್ಪೇ ಓಡುತ್ತಿರುತ್ತದೆ.

ಮಂಡಳಿಯ ನಾಲ್ವರು ಯಾರು: ಆಸ್ಪತ್ರೆಯ ಉಸ್ತುವಾರಿ ವೈದ್ಯರು, ಸಕ್ಷಮ ಪ್ರಾಧಿಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ಸ್ವತಂತ್ರ ತಜ್ಞರು, ಅದೇ ಪಟ್ಟಿಯಿಂದ ನರರೋಗ ತಜ್ಞರು ಅಥವಾ ನರ ಶಸ್ತ್ರಚಿಕಿತ್ಸಕರು, ಮತ್ತು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ಜಿಲ್ಲಾ ಕೇಂದ್ರಗಳಲ್ಲಿ ನರತಜ್ಞರು ಸಿಗುವುದು ಕಷ್ಟ ಎಂದೇ 2011ರ ತಿದ್ದುಪಡಿ ಬೇರೆ ದಾರಿ ಕೊಟ್ಟಿದೆ: ಸರ್ಜನ್ ಅಥವಾ ಫಿಸಿಷಿಯನ್, ಅರಿವಳಿಕೆ ಅಥವಾ ಐಸಿಯು ತಜ್ಞರನ್ನು ನೇಮಿಸಬಹುದು, ಆದರೆ ಅವರು ಅಂಗ ಪಡೆಯುವ ರೋಗಿಯ ಕಸಿ ತಂಡದಲ್ಲಿರಬಾರದು. ಈ ಷರತ್ತನ್ನು ಅವರಿಗಷ್ಟೇ ಅಲ್ಲ, ನಾಲ್ವರಿಗೂ ಹಚ್ಚುವುದು ಒಳ್ಳೆಯ ಆಸ್ಪತ್ರೆಯ ಲಕ್ಷಣ. ನಾಲ್ಕು ಸ್ಥಾನಕ್ಕೆ ನಾಲ್ಕು ಜನ. ಸಣ್ಣ ಆಸ್ಪತ್ರೆಯಲ್ಲಿ ಮಾಲೀಕರೇ ಉಸ್ತುವಾರಿ, ಮಾಲೀಕರೇ ಚಿಕಿತ್ಸೆ ಕೊಡುವವರು ಎಂದು ಒಬ್ಬರೇ ಎರಡು ಕಡೆ ಸಹಿ ಹಾಕಿದರೆ ಕಡತ ಅಲ್ಲೇ ಕುಸಿಯಿತು. ಪಟ್ಟಿಯಲ್ಲಿ ಹೆಸರು ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದನ್ನು ರಾತ್ರಿ ಹನ್ನೊಂದಕ್ಕೆ ಹುಡುಕುವುದಲ್ಲ. ಐಸಿಯುನಲ್ಲಿ ಅದರ ಪ್ರತಿ ಅಂಟಿಸಿಡಿ. ನೋಡದ ರೋಗಿಗೆ ಮನೆಯಲ್ಲಿ ಕೂತು ಸಹಿ ಹಾಕಿಕೊಡುವ ಉಪಕಾರ ಬೇಡವೇ ಬೇಡ. ಅಧಿಕಾರವಿಲ್ಲದೆ ಅಂಗ ತೆಗೆದರೆ 10 ವರ್ಷದವರೆಗೆ ಜೈಲು, 20 ಲಕ್ಷ ರೂಪಾಯಿವರೆಗೆ ದಂಡ ಎಂದು 18ನೇ ಕಲಂ ಹೇಳುತ್ತದೆ.

ಕರ್ನಾಟಕದಲ್ಲಿ ಅಂಗಗಳ ಹಂಚಿಕೆಯ ಹೊಣೆ ಜೀವಸಾರ್ಥಕತೆಯದು. 2007ರಲ್ಲಿ ವಲಯ ಸಮನ್ವಯ ಸಮಿತಿಯಾಗಿ ಹುಟ್ಟಿದ ಸಂಸ್ಥೆ. ನಿಮ್ಮ ಆಸ್ಪತ್ರೆ ಅಂಗ ತೆಗೆಯುವ ಕೇಂದ್ರವಾಗಿ ನೋಂದಾಯಿಸಿಲ್ಲದಿದ್ದರೆ ಅನುಮಾನ ಬಂದ ಹಂತದಲ್ಲೇ ಅವರಿಗೆ ತಿಳಿಸಿ, ಮುಂದಿನ ದಾರಿ ಕೇಳಿ. ಅಂಗ ಯಾರಿಗೆ ಎಂಬುದು ಅವರ ಕಾಯುವ ಪಟ್ಟಿಯಿಂದ ತೀರ್ಮಾನವಾಗುತ್ತದೆ. ಸಾವು ನಿರ್ಣಯಿಸುವವರಿಗೆ ಆ ಹೆಸರು ಗೊತ್ತಿಲ್ಲದಿದ್ದರೆ ಚೆನ್ನ.

ಮನೆಯವರ ಜತೆ ಮಾತು

ಎರಡು ಮಾತುಕತೆ, ಇಬ್ಬರು ಬೇರೆ ಬೇರೆ ಜನ. ಮೊದಲನೆಯದು ಚಿಕಿತ್ಸೆ ಕೊಟ್ಟ ವೈದ್ಯರದು. "ಬದುಕುವ ಚಾನ್ಸ್ ಕಡಿಮೆ", "ಮಿದುಳು ಕೆಲಸ ಮಾಡ್ತಿಲ್ಲ, ಹಾರ್ಟ್ ಚೆನ್ನಾಗಿದೆ" ಎಂಬ ಅಡ್ಡಗೋಡೆಯ ಮಾತು ಬೇಡ. ಎರಡನೇ ಪರೀಕ್ಷೆ ಮುಗಿದ ಮೇಲೆ, "ನಿಮ್ಮ ಅಣ್ಣ ತೀರಿಹೋಗಿದ್ದಾರಮ್ಮ. ಉಸಿರು ಮಿಷಿನ್‌ದು, ಹೃದಯ ಔಷಧಿ ಮೇಲೆ ಓಡ್ತಿದೆ" ಎಂದು ನೇರವಾಗಿ ಹೇಳಬೇಕು. "ಎದೆ ಬಡೀತಿದೆಯಲ್ಲ ಸರ್, ಮೈ ಬೆಚ್ಚಗಿದೆ" ಎಂದು ಕೇಳಿಯೇ ಕೇಳುತ್ತಾರೆ. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಡ, ಆಮ್ಲಜನಕ ಸಿಗುವವರೆಗೆ ತನ್ನಷ್ಟಕ್ಕೆ ಬಡಿಯುತ್ತದೆ ಎಂದು ವಿವರಿಸಿ. ಬಯಸಿದರೆ ಒಬ್ಬರನ್ನು ಎರಡನೇ ಅಪ್ನಿಯಾ ಪರೀಕ್ಷೆಯ ಹೊತ್ತಿಗೆ ಒಳಗೆ ನಿಲ್ಲಿಸಿಕೊಳ್ಳಿ. ಹತ್ತು ನಿಮಿಷ ಎದೆ ಏಳದಿರುವುದನ್ನು ಕಣ್ಣಾರೆ ನೋಡಿದವರಿಗೆ ಮತ್ತೆ ವಿವರಣೆ ಬೇಕಾಗುವುದು ಕಡಿಮೆ.

ಆಮೇಲೆ, ಅವರು ಅತ್ತು, ಊರಿಗೆ ಫೋನ್ ಮಾಡಿ, ಒಂದಿಷ್ಟು ಸುಧಾರಿಸಿಕೊಂಡ ಮೇಲೆ ಕೋಆರ್ಡಿನೇಟರ್ ಬರಬೇಕು. ಕೋಆರ್ಡಿನೇಟರ್ ಇದ್ದರೆ ಅವರ ಜತೆ ಸೇರಿ, ದಾನ ಮಾಡುವ ಅಥವಾ ನಿರಾಕರಿಸುವ ಆಯ್ಕೆ ಇದೆ ಎಂದು ತಿಳಿಸುವುದು ವೈದ್ಯರ ಕರ್ತವ್ಯ ಎಂದೇ ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. "ನಿರಾಕರಿಸುವ" ಎಂಬುದೂ ಅದರಲ್ಲಿದೆ. ಕೇಳುವಾಗ ಅದನ್ನು ನುಂಗಬೇಡಿ. ಮನೆಯವರು ತಾವಾಗಿಯೇ ಮೊದಲ ಪರೀಕ್ಷೆಯ ಹೊತ್ತಿಗೇ ಕೇಳಿದರೆ ಮಾಹಿತಿ ಕೊಡಬಹುದು, ಸಹಿ ಪಡೆಯಬಾರದು. ರಕ್ತದ ಗುಂಪು ಹೊಂದಿಕೆ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗೆ ದಾನದ ಲೆಕ್ಕದಲ್ಲಿ ರಕ್ತ ತೆಗೆಯುವುದೂ ಒಪ್ಪಿಗೆಯ ನಂತರವೇ.

ಒಪ್ಪಿಗೆ ನಮೂನೆ 8ರಲ್ಲಿ. ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಅಜ್ಜ ಅಜ್ಜಿ, ಮೊಮ್ಮಕ್ಕಳು ಇವರೇ ಕಾಯ್ದೆಯ ಹತ್ತಿರದ ಸಂಬಂಧಿಗಳು. ಭಾವ, ಸೋದರಮಾವ ಎಷ್ಟೇ ಮುಂದೆ ನಿಂತು ಓಡಾಡಲಿ, ಈ ಪಟ್ಟಿಯಲ್ಲಿಲ್ಲ. ಹದಿನೆಂಟು ತುಂಬದವರಿಗೆ ತಂದೆ ತಾಯಿಯರಲ್ಲಿ ಒಬ್ಬರ ಸಹಿ. ಹೆಂಡತಿ ಒಪ್ಪಿ, ತಮ್ಮ ಬೇಡವೆಂದರೆ? ತೀರಿಹೋದವರು ಬರೆದಿಟ್ಟಿಲ್ಲದಿದ್ದಾಗ, ಯಾವ ಹತ್ತಿರದ ಸಂಬಂಧಿಯ ಆಕ್ಷೇಪವಿದೆ ಎಂದು ಗೊತ್ತಿದ್ದರೂ ಮುಂದುವರಿಯುವಂತಿಲ್ಲ. ಮೂರನೇ ಕಲಂನ ಮಾತು ಇದು. ತೀರಿಹೋದವರೇ ಸಾಕ್ಷಿಗಳ ಮುಂದೆ ಬರೆದುಕೊಟ್ಟಿದ್ದರೆ ಕಾನೂನು ಅವರ ಪರ. ಆದರೂ ಅಳುತ್ತಿರುವ ತಾಯಿಯ ಎದುರು ದಾನಿ ಕಾರ್ಡ್ ಹಿಡಿದು ಶಸ್ತ್ರಚಿಕಿತ್ಸೆಗೆ ಒಯ್ಯುವ ಆಸ್ಪತ್ರೆ ನಮ್ಮಲ್ಲಿಲ್ಲ, ಇರಲೂ ಬಾರದು. ಆಧಾರ್ ಜತೆ ಆನ್‌ಲೈನ್‌ನಲ್ಲಿ ಪ್ರತಿಜ್ಞೆ ಮಾಡಿದವರು ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿಡಬೇಕಾದದ್ದು ಇದಕ್ಕೇ.

ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಕಷ್ಟ. ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದ ಹುಡುಗ, ಜತೆಗಿರುವುದು ಮೇಸ್ತ್ರಿ ಮಾತ್ರ. ಮೇಸ್ತ್ರಿಯ ಸಹಿ ನಡೆಯುವುದಿಲ್ಲ. ಯಾರೂ ಕೇಳದ ದೇಹಕ್ಕೆ ಕಾಯ್ದೆಯಲ್ಲಿ 48 ಗಂಟೆಯ ನಂತರದ ದಾರಿ ಒಂದಿದೆ, ಅದನ್ನು ದೂರದಲ್ಲಿ ಮನೆಯವರಿರುವ ಹುಡುಗನಿಗೆ ಹಚ್ಚುವುದು ಅನ್ಯಾಯ. ಅವರು ರೈಲು ಹತ್ತಿ ಬರುವವರೆಗೆ ಕಾಯಬೇಕು, ಅವರ ಭಾಷೆ ಬಲ್ಲವರೊಬ್ಬರನ್ನು ಕೂರಿಸಿಕೊಳ್ಳಬೇಕು. ಆ ಹೊತ್ತಿಗೆ ಹೃದಯ ನಿಂತರೆ ನಿಂತಿತು.

ದುಡ್ಡಿನ ವಿಷಯದಲ್ಲಿ ನಾಲಿಗೆ ಬಿಗಿ ಇರಲಿ. ದಾನಿಯ ದೇಹ ಕಾಪಾಡುವ, ಅಂಗ ತೆಗೆಯುವ, ಸಾಗಿಸುವ ಖರ್ಚು ದಾನಿಯ ಮನೆಯವರ ಮೇಲೆ ಬೀಳಬಾರದು ಎಂದು ನಿಯಮವೇ ಇದೆ, ಅದನ್ನು ಹೇಳಬಹುದು. "ದಾನಕ್ಕೆ ಒಪ್ಪಿದರೆ ಹಿಂದಿನ ಬಿಲ್ಲೂ ಬಿಡುತ್ತೇವೆ" ಎಂಬ ಮಾತು ಮಾತ್ರ ವ್ಯಾಪಾರಕ್ಕೆ ಇಳಿದಂತೆ; 19ನೇ ಕಲಂ ಅಂಥ ವ್ಯವಹಾರಕ್ಕೆ 5ರಿಂದ 10 ವರ್ಷ ಜೈಲು ಇಟ್ಟಿದೆ. ಬಿಲ್ ಕಡಿಮೆ ಮಾಡುವ ಮನಸ್ಸಿದ್ದರೆ ಒಪ್ಪಿದವರಿಗೂ ಒಪ್ಪದವರಿಗೂ ಒಂದೇ ಲೆಕ್ಕದಲ್ಲಿ ಮಾಡಿ.

ಮಾಧ್ಯಮದವರಿಗೆ ಎರಡನೇ ಪರೀಕ್ಷೆ ಮುಗಿಯುವ ತನಕ ಏನನ್ನೂ ಹೇಳಬೇಡಿ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಗಾಯಗೊಂಡಾಗ ಅಧಿಕೃತ ಘೋಷಣೆಗೂ ಮೊದಲೇ ಶ್ರದ್ಧಾಂಜಲಿಗಳು ಹರಿದಾಡಿದ್ದು ನೆನಪಿರಬಹುದು. ಅವರ ಕುಟುಂಬ ಅಂಗಾಂಗ ದಾನ ಮಾಡಿತು. ಕಣ್ಣಿನ ದಾನಕ್ಕೆ ಇಷ್ಟೆಲ್ಲ ಬೇಡ. ಹೃದಯ ನಿಂತು ತೀರಿಕೊಂಡವರ ಕಣ್ಣನ್ನೂ ಸುಮಾರು ಆರು ಗಂಟೆಯೊಳಗೆ ತೆಗೆಯಬಹುದು, ಪುನೀತ್ ರಾಜ್‌ಕುಮಾರ್ ಅವರದ್ದು ಹಾಗೆ.

ಎಂಎಲ್‌ಸಿ ಆದರೆ

ಎಂಎಲ್‌ಸಿ ಎಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕಾನೂನು ಪ್ರಕರಣ. ಅಪಘಾತದ ಪ್ರಕರಣವೆಂದರೆ ಪೊಲೀಸರು, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ. ಇದನ್ನು ಕೊನೆಗೆ ಇಟ್ಟುಕೊಂಡರೆ ಆರೇಳು ಗಂಟೆ ಹಾಳಾಗುತ್ತದೆ, ಹೃದಯ ಶ್ವಾಸಕೋಶಕ್ಕೆ ಅಷ್ಟು ಪುರುಸೊತ್ತಿರುವುದಿಲ್ಲ. ಒಪ್ಪಿಗೆ ಸಿಕ್ಕ ಕೂಡಲೇ ಆಸ್ಪತ್ರೆಯ ವೈದ್ಯರು ಠಾಣಾಧಿಕಾರಿಗೆ ಬರಹದಲ್ಲಿ ಕೋರಿಕೆ ಕೊಡಬೇಕು. ಆಸ್ಪತ್ರೆಯಲ್ಲಿ ಪೊಲೀಸ್ ಚೌಕಿ ಇದ್ದರೆ ಅದರ ಮೂಲಕವೂ ಆಗುತ್ತದೆ. ಪ್ರತಿಯನ್ನು ಅದೇ ಹೊತ್ತಿಗೆ ಮರಣೋತ್ತರ ಪರೀಕ್ಷೆಗೆ ನೇಮಕವಾದ ವೈದ್ಯರಿಗೆ ಕಳಿಸಿ. ಅಪಘಾತ ನಡೆದ ಜಾಗದ ಠಾಣೆ ಬೇರೆ, ಆಸ್ಪತ್ರೆ ವ್ಯಾಪ್ತಿಯ ಠಾಣೆ ಬೇರೆ ಆಗಿದ್ದರೆ ಇಬ್ಬರಿಗೂ ಫೋನ್ ಮಾಡಿ. ಹೆಚ್ಚು ಹೊತ್ತು ಹೋಗುವುದು ಇಲ್ಲೇ. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳಾದರೆ ತಹಶೀಲ್ದಾರರ ತನಿಖೆ ಬರುವುದರಿಂದ ಅವರಿಗೂ ಹೇಳಿ ಕಳಿಸಬೇಕು.

ಅಂಗ ತೆಗೆಯುವುದರಿಂದ ಸಾವಿನ ಕಾರಣ ಪತ್ತೆಗೆ ಅಡ್ಡಿಯಾಗಬಾರದು ಎಂಬುದು ಷರತ್ತು. ತೆಗೆದ ವೈದ್ಯರು ಆಯಾ ಅಂಗ ಹೇಗಿತ್ತು, ಗಾಯವಿತ್ತೇ ಎಂದು ಅಲ್ಲೇ ವರದಿ ಬರೆದುಕೊಡಬೇಕು, ಅದು ಮರಣೋತ್ತರ ಟಿಪ್ಪಣಿಯ ಭಾಗವಾಗುತ್ತದೆ. ಸಾಧ್ಯವಿದ್ದರೆ ಮರಣೋತ್ತರ ಪರೀಕ್ಷೆಯ ವೈದ್ಯರನ್ನೇ ಆಪರೇಷನ್ ಥಿಯೇಟರಿಗೆ ಕರೆಸಿ, ಕಚೇರಿ ಸಮಯ ಮೀರಿದ್ದರೂ ಕರೆಸಬಹುದು ಎಂದು ನಿಯಮವಿದೆ. ಕೊಲೆಯ ಅನುಮಾನವಿದ್ದರೆ, ಹೊಟ್ಟೆ ಎದೆಗೆ ಇರಿತವಾಗಿದ್ದರೆ ಅವರ ಮಾತು ಮೀರಬೇಡಿ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಸೌಲಭ್ಯವಿರುವೆಡೆ ಸೂರ್ಯ ಮುಳುಗಿದ ಮೇಲೂ ಮರಣೋತ್ತರ ಪರೀಕ್ಷೆಗೆ ಅನುಮತಿ ಕೊಟ್ಟಿದೆ. ಅಂಗದಾನದ ಪ್ರಕರಣಕ್ಕೆ ಅದರಲ್ಲಿ ಆದ್ಯತೆ.

ದಾನ ಬೇಡ ಎಂದರೆ

ಬೇಡ ಎಂದವರ ಹತ್ತಿರ ಮತ್ತೆ ಮತ್ತೆ ಜನ ಕಳಿಸಬೇಡಿ. ನಿರಾಕರಣೆಯನ್ನು ಕಡತದಲ್ಲಿ ಬರೆದು, ಘೋಷಣೆಯನ್ನು ಮಾತ್ರ ಹಿಂತೆಗೆದುಕೊಳ್ಳಬೇಡಿ. ನಿನ್ನೆ ಸತ್ತರು ಎಂದವರನ್ನು ಇವತ್ತು "ಗಂಭೀರ" ಎಂದು ಬರೆದರೆ ಮೊದಲ ಘೋಷಣೆ ಅಂಗಕ್ಕಾಗಿಯೇ ಇತ್ತು ಎಂದು ನೀವೇ ಒಪ್ಪಿಕೊಂಡಂತೆ. ವೆಂಟಿಲೇಟರ್ ತೆಗೆಯಲು ಎಷ್ಟೋ ಆಸ್ಪತ್ರೆಗಳು ಹೆದರುತ್ತವೆ, ಅತ್ತ ಮನೆಯವರಿಗೆ ದಿನದ ಬಿಲ್ ಏರುತ್ತದೆ. ಸುರಕ್ಷಿತ ದಾರಿಯೆಂದರೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2018ರ ಕಾಮನ್ ಕಾಸ್ ತೀರ್ಪು, 2023ರಲ್ಲಿ ಸರಳಗೊಂಡ ರೂಪದಲ್ಲಿ: ಚಿಕಿತ್ಸೆಯ ವೈದ್ಯರ ಜತೆ ಐದು ವರ್ಷ ಅನುಭವದ ಇಬ್ಬರು ತಜ್ಞರ ಮೊದಲ ಮಂಡಳಿ, ಜಿಲ್ಲಾ ಮಟ್ಟದಿಂದ ನಾಮನಿರ್ದೇಶಿತರೊಬ್ಬರಿರುವ ಎರಡನೇ ಮಂಡಳಿ, ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ, ನಂತರ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಯಂತ್ರ ತೆಗೆಯುವುದು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದಾಗ, ಕಸಿ ಕಾಯ್ದೆಯ ಪಟ್ಟಿಯಲ್ಲಿರುವ ತಜ್ಞರನ್ನೇ ಆ ನಾಮನಿರ್ದೇಶನಕ್ಕೆ ಬಳಸಬಹುದು ಎಂದಿತು. ಅಂದರೆ ನಿಮ್ಮ ಐಸಿಯು ಗೋಡೆಯ ಪಟ್ಟಿ ಎರಡೂ ಕೆಲಸಕ್ಕೆ ಬರುತ್ತದೆ.

ದಿನಾಂಕ, ಸಮಯ, ಕಾರಣ

ಸಾವಿನ ಸಮಯ ಯಾವುದು? ಎರಡನೇ ಅಪ್ನಿಯಾ ಪರೀಕ್ಷೆಯಲ್ಲಿ ಡೈಆಕ್ಸೈಡ್ ಬೇಕಾದ ಮಟ್ಟ ಮುಟ್ಟಿದ್ದು ಎಬಿಜಿಯಲ್ಲಿ ದೃಢಪಟ್ಟ ಹೊತ್ತನ್ನು ಬರೆಯುವುದು ನಮ್ಮಲ್ಲಿನ ರೂಢಿ. ಥಿಯೇಟರಿನಲ್ಲಿ ಹೃದಯ ನಿಂತ ಹೊತ್ತು ಸಾವಿನ ಸಮಯವಲ್ಲ. ಅದೇ ದಿನಾಂಕ ಮತ್ತು ಸಮಯ ನಮೂನೆ 10, ಕೇಸ್ ಶೀಟ್, ಪೊಲೀಸರಿಗೆ ಹೋಗುವ ಮರಣ ಸೂಚನೆ, ಮರಣ ನೋಂದಣಿಯ ಕಾಗದ ನಾಲ್ಕರಲ್ಲೂ ಇರಬೇಕು. ನಡುರಾತ್ರಿ ದಾಟಿದ ಪ್ರಕರಣಗಳಲ್ಲಿ ಒಂದರಲ್ಲಿ 14, ಇನ್ನೊಂದರಲ್ಲಿ 15 ಎಂದಾಗಿ ಅಪಘಾತ ವಿಮೆಯ ಹಣಕ್ಕೆ ಮನೆಯವರು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಸಾವಿನ ಕಾರಣ ಎಂಬಲ್ಲಿ "ಬ್ರೇನ್ ಡೆತ್" ಎಂದು ಬರೆಯಬೇಡಿ, ಅದು ಕಾರಣವಲ್ಲ. ತಲೆಯ ಗಾಯ, ಮಿದುಳಿನ ರಕ್ತಸ್ರಾವ ಹೀಗೆ ಮೂಲ ಹಾನಿಯನ್ನು ಬರೆಯಿರಿ. ಎಂಎಲ್‌ಸಿ ಆಗಿದ್ದರೆ ಕಾರಣ ಹೇಳುವುದು ಮರಣೋತ್ತರ ಪರೀಕ್ಷೆ ಮಾಡಿದವರ ಕೆಲಸ. ಸ್ಕ್ಯಾನ್ ವರದಿ, ನಾಲ್ಕೂ ಎಬಿಜಿ ಪ್ರಿಂಟ್, ಡ್ರಗ್ ಚಾರ್ಟ್, ನಮೂನೆ 8 ಮತ್ತು 10ರ ಪ್ರತಿಗಳನ್ನು ಒಂದೇ ಲಕೋಟೆಯಲ್ಲಿ ದೇಹದ ಜತೆ ಕಳಿಸಿ. ಎಬಿಜಿಯ ಶಾಖಸಂವೇದಿ ಕಾಗದದ ಮೇಲಿನ ಅಕ್ಷರ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ, ಅದನ್ನು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.